ಕಾನಿನ ಪಾಠಕ್ಕೆ ಅಂಕವೆಷ್ಟು?

ಪ್ರತಿವರ್ಷ ಜೂನ್ 5ರಂದು ನಮ್ಮ ಶಾಲೆಗಳಲ್ಲಿ ಪರಿಸರ ದಿನಾಚರಣೆ ನಡೆಯುತ್ತದೆ. ಅತಿಥಿಗಳು ಸಸಿ ನೆಡುತ್ತಾರೆ, ಭಾಷಣ ಮಾಡುತ್ತಾರೆ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ! ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನೂ ಇದರಲ್ಲಿ ಪಾಲುದಾರನೇ. ಆದುದರಿಂದ ಈ ಟೀಕೆ ಮೊದಲು ನನಗೇ ಸಲ್ಲತಕ್ಕದ್ದು.

ಕಳೆದ ವರ್ಷ ಹೊರಾಂಗಣ ಚಟುವಟಿಕೆಯ ದಿನಕ್ಕೆ ಬಸ್ಸು ಗೊತ್ತುಮಾಡುವ ಬದಲು ಒಂಬತ್ತನೆಯ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಗುಡ್ಡಕ್ಕೆ ಕರೆದೊಯ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳ ಕಾಟ ಒಣ ತಿಂಗಳುಗಳಲ್ಲಿ ಹೆಚ್ಚು. ಪೋಷಕರ ಅಂಜಿಕೆ ಅಕಾರಣವಲ್ಲ. ಆದ್ದರಿಂದ ಮಳೆ ಹಿಂದೆಗೆದೊಡನೆ, ಉಂಬಳಕ್ಕೆ ಸುಣ್ಣ-ತಂಬಾಕು ಹಿಡಿದು ಹೊರಟೆವು.

ಸಲಕರಣೆ ಸರಳವಾಗಿತ್ತು: ಎರಡೂ ತುದಿ ಕತ್ತರಿಸಿದ ಡಬ್ಬಿ, ಒಂದು ಲೀಟರ್ ನೀರು, ಒಂದು ಗಡಿಯಾರ. ಡಬ್ಬಿಯನ್ನು ನೆಲಕ್ಕೆ ಒತ್ತಿ, ನೀರು ಸುರಿದು, ಅದು ಇಂಗುವ ಸಮಯವನ್ನು ಬರೆದುಕೊಳ್ಳುವುದು. ಆಟದ ಮೈದಾನದಲ್ಲಿ ಅರ್ಧ ಗಂಟೆ ಕಳೆದರೂ ನೀರು ನಿಂತೇ ಇತ್ತು. ಅಕೇಶಿಯಾ ನೆಡುತೋಪಿನಲ್ಲಿ 12 ನಿಮಿಷ. ಕಾನಿನೊಳಗೆ, ದರಗು ಕೊಳೆತು ಕಪ್ಪಾದ ಮಣ್ಣಿನಲ್ಲಿ, 2 ನಿಮಿಷವೂ ಹಿಡಿಯಲಿಲ್ಲ. ಒಂದು ದಿನದ ಅಳತೆಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಅಂದು ಮೊದಲ ಬಾರಿಗೆ ಬಾಯಿಬಿಟ್ಟ: "ಸಾರ್, ಈ ನೀರು ಎಲ್ಲಿಗೆ ಹೋಗ್ತದೆ ಅಂತ ತೋರಿಸ್ಲಾ?"

ಆತ ನಮ್ಮನ್ನು ಕೆಳಗಿನ ಜಡ್ಡಿಗೆ ಇಳಿಸಿದ. ಅಲ್ಲಿ ರಾಮಪತ್ರೆಯ ಬಳಗದ ಮರಗಳು ಕೆಸರಿನಲ್ಲಿ ಉಸಿರಾಡಲೆಂದು ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತಿದ್ದವು. ಅವುಗಳ ಬುಡದಿಂದ ಹೊರಟ ನೀರೇ ಊರಿನ ತೋಟಗಳಿಗೆ ಹರಿಯುವ ಹಳ್ಳ. ದಾರಿಯುದ್ದಕ್ಕೂ ಆತ ಇಪ್ಪತ್ತಕ್ಕೂ ಮಿಕ್ಕಿ ಮರಗಳ ಹೆಸರು ಹೇಳಿದ. ಅಜ್ಜಿ ಕಲಿಸಿದ್ದಂತೆ. ಅವುಗಳಲ್ಲಿ ನನಗೆ ಗೊತ್ತಿದ್ದುದು ಏಳೆಂಟು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನನ್ನು ವಿಜ್ಞಾನದಲ್ಲಿ ಅನುತ್ತೀರ್ಣಗೊಳಿಸಿದವನು ನಾನೇ!

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಆದೇಶಿಸಿತು. ನಾವು ಅದನ್ನು ಬಾಯಿಪಾಠದ ಇನ್ನೊಂದು ವಿಷಯವನ್ನಾಗಿ ಮಾಡಿಕೊಂಡೆವು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಕಾಡಿನೊಂದಿಗಿನ ಬಳಕೆಯೇ ಅವರ ಬಲವಾಗಿತ್ತು. ಹೆಸರೇ ಅರಿಯದ ಮರವನ್ನು ನಾಳೆ ಅಪ್ಪಿಕೊಳ್ಳಲು ಯಾರು ಮುಂದೆ ಬಂದಾರು?

ಇಂಥ ತಿರುಗಾಟದಿಂದ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯುವುದೆಂದು ಸಹೋದ್ಯೋಗಿಗಳು ಎಚ್ಚರಿಸುತ್ತಾರೆ. ಆದರೆ ಡಬ್ಬಿಯ ನೀರಿನಲ್ಲಿ ಗಣಿತವಿದೆ, ವಿಜ್ಞಾನವಿದೆ. ಕಂಡದ್ದನ್ನು ಬರೆಯುವುದರಲ್ಲಿ ಕನ್ನಡವಿದೆ. ತಿಂಗಳಿಗೆ ಅರ್ಧ ದಿನ ಸಾಕು. ಊರಿನ ಹಿರಿಯರೇ ಅಂದಿನ ಗುರುಗಳಾಗಲಿ. ಚಟುವಟಿಕೆಯ ಅಂಕಗಳು ಮನೆಯಿಂದ ತಂದ ಅರಿವಿಗೂ ದೊರೆಯಲಿ. ಪ್ರತಿ ಶಾಲೆಯೂ ತನ್ನೂರಿನ ಮರಗಳ, ಜಲಮೂಲಗಳ ದಾಖಲೆ ಪುಸ್ತಕವೊಂದನ್ನು ಇಡಲಿ. ನಮ್ಮ ಶಾಲೆಯಲ್ಲಿ ಅದರ ಮೊದಲ ಪುಟವನ್ನು ಬರೆದವನು ಆ ಹುಡುಗ.

ಗ್ರಾಮಬಾಂಧವರೇ, ಬರುವ ಜೂನ್ 5ರಂದು ನಿಮ್ಮೂರಿನ ಶಾಲೆಗೆ ಹೋಗಿ. ಹೊಸ ಸಸಿ ನೆಡುವ ಮುನ್ನ ಕಳೆದ ವರ್ಷದ ಸಸಿ ಎಲ್ಲಿದೆಯೆಂದು ವಿಚಾರಿಸಿ. ನಮ್ಮಂಥ ಶಿಕ್ಷಕರು ಉತ್ತರಿಸಲೇಬೇಕಾದ ಪ್ರಶ್ನೆ ಅದು.