ಬಹುವಚನದ ಎಸ್ಸಿಗೂ ಒಂದು ಸಂಧಿ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಪಾಠದ ವೇಳೆ ಬಂತೆಂದರೆ ಸಿಂಗುಲರ್-ಪ್ಲೂರಲ್ ಎಂಬ ಎರಡು ಸಾಲುಗಳ ಪಟ್ಟಿ ಕರಿಹಲಗೆಯ ಮೇಲೆ ಮೂಡುವುದೂ, ಮಕ್ಕಳು ಅದನ್ನು ಮಗ್ಗಿಯಂತೆ ರಾಗವಾಗಿ ಹೇಳಿ ಬಾಯಿಪಾಠ ಮಾಡುವುದೂ, ಮರುದಿನದ ಉಕ್ತಲೇಖನದಲ್ಲಿ ತಪ್ಪಿದವರು ಆ ಪದವನ್ನೇ ಮತ್ತೆ ಮತ್ತೆ ಬರೆದು ತರುವುದೂ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. 2007-08ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ ಮೇಲೆ ಈ ಪಟ್ಟಿ ಇನ್ನಷ್ಟು ಎಳೆಯ ಮಕ್ಕಳನ್ನು ಸಮೀಪಿಸಿತು. ಇಂಗ್ಲಿಷ್ ಬೇಕೆ, ಬೇಡವೆ, ಬೇಕಾದರೆ ಯಾವ ವಯಸ್ಸಿನಲ್ಲಿ ಎಂಬ ಹಳೆಯ ವಿವಾದವನ್ನು ಇಲ್ಲಿ ಎತ್ತುವ ಉದ್ದೇಶ ನನಗಿಲ್ಲ. ಕಲಿಸುವುದೆಂದು ನಿಶ್ಚಯಿಸಿದ ಮೇಲೆ, ಆ ಭಾಷೆಯ ಬಹುವಚನ, ಉಪಸರ್ಗ, ಪ್ರತ್ಯಯಗಳ ಬರವಣಿಗೆಯನ್ನು ಕಾರಣವಿಲ್ಲದ ಕಟ್ಟಳೆಗಳೆಂಬಂತೆ ಕಲಿಸುವುದು ಮಕ್ಕಳಿಗೂ ಅನ್ಯಾಯ, ಭಾಷೆಗೂ ಅನ್ಯಾಯ ಎಂಬುದಷ್ಟೇ ನನ್ನ ವಾದ. ಆ ಕಟ್ಟಳೆಗಳಲ್ಲಿ ಬಹುಭಾಗ ಸಂಧಿಕಾರ್ಯಗಳು. ಸಂಧಿ ಎಂಬ ಹೆಸರನ್ನು ಅರಿಯದಿದ್ದರೂ ಸಂಧಿ ಮಾಡುವುದನ್ನು ಕನ್ನಡದ ಮಗುವಿನ ನಾಲಗೆ ಶಾಲೆಗೆ ಬರುವ ಮೊದಲೇ ಬಲ್ಲದು.

ಬಸ್ ಎಂಬ ಪದದ ಮುಂದೆ ಬರಿಯ ಎಸ್ಸನ್ನು ಬರೆಯದೆ ಇ ಎಸ್ ಬರೆಯಬೇಕೆಂದು ಹೇಳುವ ಉಪಾಧ್ಯಾಯರು ಸಾಮಾನ್ಯವಾಗಿ ಎಸ್, ಎಕ್ಸ್, ಝಡ್, ಸಿ ಎಚ್, ಎಸ್ ಎಚ್ ಎಂದು ಅಕ್ಷರಗಳ ಪಟ್ಟಿಯೊಂದನ್ನು ಕೊಟ್ಟು ಮುಂದೆ ಸಾಗುತ್ತಾರೆ. ಹಾಗೆ ಮಾಡದೆ, ಬಸ್ ಎಂದು ಹೇಳಿ ಅದರ ಬೆನ್ನಿಗೇ ಇನ್ನೊಂದು ಸಕಾರವನ್ನು ಸೇರಿಸಿ ಉಚ್ಚರಿಸಿರೆಂದು ಮಕ್ಕಳನ್ನು ಕೇಳಿದರೆ, ಎರಡು ಊಷ್ಮಗಳು ಒಂದರಲ್ಲೊಂದು ಕರಗಿ ಏಕವಚನ ಬಹುವಚನಗಳ ಭೇದವೇ ಅಳಿಸಿಹೋಗುವುದನ್ನೂ, ಆ ಭೇದವನ್ನು ಉಳಿಸಿಕೊಳ್ಳಲು ನಡುವೆ ಸ್ವರವೊಂದು ತಾನಾಗಿ ಬಂದು ನಿಲ್ಲುವುದನ್ನೂ ಅವರೇ ಕಂಡುಕೊಳ್ಳುವರು. ಮನೆ ಎಂಬುದಕ್ಕೆ ಅನ್ನು ಸೇರುವಾಗ ಎರಡು ಸ್ವರಗಳ ನಡುವೆ ಯಕಾರವೂ, ಗುರು ಎಂಬುದಕ್ಕೆ ಸೇರುವಾಗ ವಕಾರವೂ ಆಗಮವಾಗುವಂತೆ, ಇಲ್ಲಿ ಎರಡು ವ್ಯಂಜನಗಳ ನಡುವೆ ಸ್ವರ ಆಗಮವಾಗುತ್ತದೆ. ಸ್ಟಮಕ್ ಎಂಬ ಪದ ಸಿ ಎಚ್ ಅಕ್ಷರಗಳಿಂದ ಮುಗಿದರೂ ಬರಿಯ ಎಸ್ಸಿನಿಂದಲೇ ತೃಪ್ತವಾಗುವುದೇಕೆಂದು ಪಟ್ಟಿಯನ್ನು ನಂಬಿದ ಮಗುವಿಗೆ ಎಂದಿಗೂ ತಿಳಿಯದು. ಅಲ್ಲಿ ಕಿವಿಗೆ ಬೀಳುವುದು ಕಕಾರವೆಂದು ಗಮನಿಸಿದ ಮಗುವಿಗೆ ಅದು ಅಪವಾದವೆಂದೇ ತೋರದು.

1958ರಲ್ಲಿ ಅಮೆರಿಕದ ಜೀನ್ ಬರ್ಕೋ ಎಂಬ ವಿದುಷಿ, ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ವಗ್ ಎಂಬ ಹೆಸರನ್ನು ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರಕ್ಕೆ ಕೊಟ್ಟು, ಅಂಥವು ಎರಡಿದ್ದರೆ ಏನೆನ್ನುವಿರೆಂದು ಎಳೆಯ ಮಕ್ಕಳನ್ನು ಕೇಳಿದರು. ಹಿಂದೆಂದೂ ಕೇಳದಿದ್ದ ಆ ಪದದ ಬಹುವಚನವನ್ನು ಹೆಚ್ಚಿನ ಮಕ್ಕಳು ನಿರಾಯಾಸವಾಗಿ ಹೇಳಿದರು. ಆದರೆ ಟ್ಯಾಸ್ ಎಂಬ ಇನ್ನೊಂದು ಕಲ್ಪಿತ ಪದ ಬಂದಾಗ, ಗ್ಲಾಸ್ ಎಂಬುದರ ಬಹುವಚನವನ್ನು ಬಲ್ಲ ಮಕ್ಕಳಲ್ಲಿಯೂ ಅನೇಕರು ಏನನ್ನೂ ಸೇರಿಸದೆ ಬಿಟ್ಟರು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಪಡೆದವರಿಗೂ ನಿಧಾನವಾಗಿ ಒದಗುವ ರೂಪವನ್ನು ನಮ್ಮ ಮಕ್ಕಳಿಂದ ಒಂದು ವಾರದ ಪಾಠದಲ್ಲಿ ನಿರೀಕ್ಷಿಸುವುದು ಎಷ್ಟರ ಮಟ್ಟಿಗೆ ನ್ಯಾಯ?

ನೈಫ್ ಎಂಬುದು ನೈವ್ಸ್ ಆಗುವ ವಿಷಯ ಇನ್ನೂ ಸ್ವಾರಸ್ಯವಾದದ್ದು. ಪ್ರಾಚೀನ ಇಂಗ್ಲಿಷಿನಲ್ಲಿ ಸ್ವರ ಮೊದಲಾದ ಘೋಷಧ್ವನಿಗಳ ನಡುವೆ ಸಿಕ್ಕಿದ ಎಫ್ ತಾನೂ ಘೋಷವಾಗಿ ವಕಾರದಂತೆ ಕೇಳಿಸುತ್ತಿತ್ತು. ಬಹುವಚನ ಪ್ರತ್ಯಯದ ಆದಿಯಲ್ಲಿ ಆಗ ಸ್ವರವಿದ್ದುದರಿಂದ ವುಲ್ಫ್ ಮೊದಲಾದ ಪದಗಳಲ್ಲಿಯೂ ಇಂಥ ವಿಕಾರವುಂಟಾಗಿ, ಮುಂದೆ ಆ ಸ್ವರ ಉಚ್ಚಾರಣೆಯಿಂದ ಲುಪ್ತವಾದರೂ ವಿಕಾರ ಮಾತ್ರ ಉಳಿದು, ಬರವಣಿಗೆಯಲ್ಲಿ ವಿ ಇ ಎಸ್ ಎಂದು ನೆಲೆಸಿತು. ಅಘೋಷವು ಘೋಷವಾಗುವ ಈ ವ್ಯಾಪಾರ ಕನ್ನಡಿಗರಿಗೆ ಹೊಸದೆ? ಮಳೆಯೂ ಕಾಲವೂ ಕೂಡಿ ಮಳೆಗಾಲವಾಗುವುದು, ಬೆಟ್ಟವೂ ತಾವರೆಯೂ ಕೂಡಿ ಬೆಟ್ಟದಾವರೆಯಾಗುವುದು, ಕಣ್ಣಿನ ಪನಿ ಕಂಬನಿಯಾಗುವುದು ಇದೇ ಬಗೆಯ ವ್ಯಾಪಾರದಿಂದ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಆದೇಶವನ್ನು ನಿರೂಪಿಸಿದ್ದಾನೆ. ಫ್ರೆಂಚಿನಿಂದ ಬಂದ ಚೀಫ್ ಎಂಬ ಪದಕ್ಕೆ ಆ ಪೂರ್ವಸಂಸ್ಕಾರವಿಲ್ಲವಾದುದರಿಂದ ಅದು ಬರಿಯ ಎಸ್ಸನ್ನು ಧರಿಸುತ್ತದೆ. ರೂಫ್ ಇಂಗ್ಲಿಷಿನ ಸ್ವಂತ ಪದವಾಗಿದ್ದೂ ಕಾಲಕ್ರಮದಲ್ಲಿ ಸಾಮಾನ್ಯರ ದಾರಿಯನ್ನೇ ಹಿಡಿಯಿತು. ಇದೆಲ್ಲವನ್ನೂ ಒಂಬತ್ತು ವರ್ಷದ ಮಗುವಿಗೆ ಹೇಳಬೇಕೆಂದಲ್ಲ; ಹೇಳುವವರಿಗೆ ತಿಳಿದಿದ್ದರೆ ಸಾಕು, ಅವರ ಧ್ವನಿಯಲ್ಲಿರುವ ಬೆದರಿಕೆ ತಾನೇ ಕಡಮೆಯಾಗುತ್ತದೆ. ಇನ್ನು ಆಕ್ಸನ್, ಮೈಸ್, ಶೀಪ್ ಮೊದಲಾದವು ನಿಯಮಗಳೇ ಅಲ್ಲ, ಬಿಡಿ ಪದಗಳು; ಕಥೆಗಳಲ್ಲಿ ಎದುರಾದಾಗ ಕಲಿತರಾಯಿತು.

ಉಪಸರ್ಗಗಳಲ್ಲಿ ಈ ಸಾದೃಶ್ಯ ಇನ್ನಷ್ಟು ನಿಕಟವಾಗಿದೆ. ನಿಷೇಧಾರ್ಥದ ಇನ್ ಎಂಬ ಉಪಸರ್ಗ ಪಾಸಿಬಲ್ ಎಂಬುದರ ಮೊದಲಲ್ಲಿ ಇಮ್ ಎಂದೂ, ಲೀಗಲ್ ಎಂಬುದರ ಮೊದಲಲ್ಲಿ ಇಲ್ ಎಂದೂ, ರೆಗ್ಯುಲರ್ ಎಂಬುದರ ಮೊದಲಲ್ಲಿ ಇರ್ ಎಂದೂ ರೂಪಾಂತರ ಹೊಂದುವುದು, ಉತ್ ಎಂಬುದು ಲೇಖದೊಡನೆ ಸೇರಿ ಉಲ್ಲೇಖವಾಗುವ, ಸತ್ ಎಂಬುದು ಜನದೊಡನೆ ಸೇರಿ ಸಜ್ಜನವಾಗುವ ಕ್ರಮಕ್ಕಿಂತ ಬೇರೆಯಲ್ಲ. ಹಾಗಾದರೆ ಅನ್ ಎಂಬ ಉಪಸರ್ಗ ಲೈಕ್, ರಿಯಲ್ ಎಂಬವುಗಳ ಮೊದಲಲ್ಲಿ ಏಕೆ ಬದಲಾಗದು? ಇನ್ ಲ್ಯಾಟಿನ್ನಿನಿಂದ ತನ್ನ ಸಂಧಿನಿಯಮವನ್ನೂ ಹೊತ್ತುಕೊಂಡು ಬಂದದ್ದು, ಅನ್ ಇಂಗ್ಲಿಷಿನ ಮನೆಯ ಸೊತ್ತು; ಸಂಸ್ಕೃತ ಸಂಧಿಯನ್ನೂ ಕನ್ನಡ ಸಂಧಿಯನ್ನೂ ಬೇರೆಬೇರೆಯಾಗಿ ಕಲಿಸುವ ನಾಡಿನಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ. ಉಳಿದವಕ್ಕೆ, ಉಪಸರ್ಗವನ್ನೂ ಪೂರ್ತಿ ಬರೆ, ಪದವನ್ನೂ ಪೂರ್ತಿ ಬರೆ ಎಂಬ ಒಂದು ಮಾತು ಸಾಕು. ಮಿಸ್‌ಸ್ಪೆಲ್ ಎಂಬುದರಲ್ಲಿ ಎರಡು ಎಸ್ ಇರುವುದೂ, ಡಿಸಪಿಯರ್ ಎಂಬುದರಲ್ಲಿ ಒಂದೇ ಎಸ್ ಇರುವುದೂ ಅದರಿಂದಲೇ ಸಿದ್ಧಿಸುತ್ತದೆ.

ಪ್ರತ್ಯಯಗಳಲ್ಲಿ ಮಾತ್ರ ಸಾದೃಶ್ಯ ಒಂದೆಡೆ ಕೈಕೊಡುತ್ತದೆಂದು ಒಪ್ಪಬೇಕು. ಮೇಕ್ ಎಂಬುದರ ಕೊನೆಯ ಇ ಅಕ್ಷರ ಮೇಕಿಂಗ್‌ನಲ್ಲಿ ಮಾಯವಾಗುವುದನ್ನು, ಊರು ಎಂಬುದು ಅಲ್ಲಿಯೊಡನೆ ಸೇರಿ ಊರಲ್ಲಿ ಎಂದಾಗುವ ಲೋಪದ ಬಳಿ ಇಟ್ಟು ತೋರಿಸಬಹುದು. ಆದರೆ ರೈಟಿಂಗ್‌ನಲ್ಲಿ ಒಂದೇ ಟಿ, ರಿಟನ್‌ನಲ್ಲಿ ಎರಡು ಟಿ ಏಕೆ? ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಚಿಹ್ನೆಗಳುಳ್ಳ ನಮ್ಮ ಲಿಪಿಯ ಸೌಭಾಗ್ಯ ಇಂಗ್ಲಿಷಿಗಿಲ್ಲ. ಹಿಂದಿನ ಸ್ವರ ಹ್ರಸ್ವವೆಂದು ಸೂಚಿಸಲು ಅದು ಅನೇಕ ವೇಳೆ ವ್ಯಂಜನವನ್ನು ಇಮ್ಮಡಿಸುತ್ತದೆ. ಕನ್ನಡದ ಕಣ್ಣಾದರೋ ದ್ವಿತ್ವವನ್ನು ಕಂಡೊಡನೆ ಅದನ್ನು ಒತ್ತಿ ಉಚ್ಚರಿಸಬೇಕೆಂದು ತಿಳಿಯುತ್ತದೆ. ನಾವೆಲ್ಲರೂ ರನ್ನಿಂಗ್ ಎಂದು ನಕಾರವನ್ನು ಒತ್ತುವುದು ಆ ಅಭ್ಯಾಸದ ಫಲ. ಹಾಗೆಯೇ ಭೂತಕಾಲದ ಇ ಡಿ ಎಂಬುದು ಜಂಪ್ ಎಂಬುದರ ಮುಂದೆ ಟಕಾರವಾಗಿಯೂ, ಪ್ಲೇ ಎಂಬುದರ ಮುಂದೆ ಡಕಾರವಾಗಿಯೂ ಕೇಳಿಸಿದರೂ ಬರಹದಲ್ಲಿ ಬದಲಾಗುವುದಿಲ್ಲ. ಧ್ವನಿಯ ವೈವಿಧ್ಯವನ್ನು ಬಲಿಗೊಟ್ಟು ಪ್ರತ್ಯಯದ ಏಕತೆಯನ್ನು ಕಾಯುವುದು ಅಲ್ಲಿನ ನೀತಿ. ಬರೆದಂತೆ ಓದುವುದನ್ನು ರೂಢಿಸಿಕೊಂಡ ಮಗುವಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಆದುದರಿಂದಲೇ ನಿಯಮಗಳನ್ನು ಪೂರ್ತಿ ಕೈಬಿಡಬೇಕೆನ್ನುವವರೊಡನೆ ನನಗೆ ಸಹಮತವಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು, ಭಾಷಾಶಿಕ್ಷಣದ ಲೋಕದಲ್ಲಿ ಬೆಂಗಳೂರು ಯೋಜನೆಯೆಂದೇ ಹೆಸರಾದ ಪ್ರಯೋಗವು, ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ವ್ಯಾಕರಣ ಚೆನ್ನಾಗಿ ಮೈಗೂಡುತ್ತದೆಂಬ ನಂಬಿಕೆಯಿಂದ ಹೊರಟಿತು. ಮಾತಿನ ವ್ಯಾಕರಣಕ್ಕೆ ಅದು ಸಲ್ಲುವ ಮಾತೇ. ಆದರೆ ಸ್ಪೆಲ್ಲಿಂಗ್ ಕೃತಕವಾಗಿ ಬೆಳೆದು ಬಂದ ವ್ಯವಸ್ಥೆ, ಕಥೆಗಳನ್ನು ಆಸಕ್ತಿಯಿಂದ ಓದಿದವರೆಲ್ಲ ತಪ್ಪಿಲ್ಲದೆ ಬರೆಯುವುದಿಲ್ಲ. ಮೊದಲ ಎರಡು ಮೂರು ವರ್ಷ ಕೇಳಿ, ಆಡಿ, ಓದಿ, ಆಮೇಲೆ ನಿಯಮವೆಂಬ ಅನುಕ್ರಮವಿದ್ದರೆ ಎರಡಕ್ಕೂ ಎಡೆಯುಂಟು.

ತಿದ್ದುವ ಕೆಂಪು ಶಾಯಿಯೂ ಸ್ವಲ್ಪ ವಿವೇಚನೆಯನ್ನು ಕಲಿಯಬೇಕಾಗಿದೆ. ನಾವು ಇಬ್ಬರು ಹುಡುಗರು ಎನ್ನುತ್ತೇವೆ, ಆದರೆ ಎರಡು ಪುಸ್ತಕ, ಹತ್ತು ರೂಪಾಯಿ ಎನ್ನುವುದೇ ವಾಡಿಕೆ. ಸಂಖ್ಯೆಯೇ ಬಹುತ್ವವನ್ನು ಹೇಳಿರುವಾಗ ಪ್ರತ್ಯಯ ಅನಾವಶ್ಯಕವೆಂದು ಭಾವಿಸುವ ಈ ಮಿತವ್ಯಯವೇ ಫೈವ್ ಬುಕ್ ಎಂದು ಬರೆಸುತ್ತದೆ. ಅದು ಸ್ಪೆಲ್ಲಿಂಗ್ ದೋಷವಲ್ಲ, ಹತ್ತು ಸಲ ಬರೆಸಿದರೆ ಹೋಗುವುದೂ ಇಲ್ಲ. ಬಸ್ ಎಂಬುದಕ್ಕೆ ಇ ಸೇರಿಸದೆ ಬರಿಯ ಎಸ್ಸನ್ನಷ್ಟೇ ಬರೆದ ಮಗುವಾದರೋ ಬಹುವಚನವನ್ನು ಗ್ರಹಿಸಿದೆ, ಅಕ್ಷರದಲ್ಲಿ ಮಾತ್ರ ಎಡವಿದೆ. ಪರೀಕ್ಷೆಯಲ್ಲಿ ಬಿಡಿ ಪದಗಳನ್ನು ಕೊಟ್ಟು ಬಹುವಚನ ಬರೆಯಿರೆಂದು ಕೇಳುವುದನ್ನು ನಿಲ್ಲಿಸಿ, ವಾಕ್ಯದೊಳಗೆ ಬರೆಸಿ, ಅರ್ಥಕ್ಕೊಂದು ಅಂಕ, ಅಕ್ಷರಕ್ಕೊಂದು ಅಂಕವೆಂದು ಬೇರೆಮಾಡಿ ಕೊಡುವುದಾದರೆ, ಯಾವ ಮಗುವಿಗೆ ಯಾವುದನ್ನು ಮತ್ತೆ ಹೇಳಿಕೊಡಬೇಕೆಂಬುದು ಉಪಾಧ್ಯಾಯರಿಗೆ ಉತ್ತರಪತ್ರಿಕೆಯಲ್ಲಿಯೇ ಕಾಣುತ್ತದೆ.