ಹಳೇ ಕಾರಿಗೆ ಯಾವೂರು?

ಕೊಳ್ಳೇಗಾಲದ ಯಾವುದೋ ಶೆಡ್ಡಿನಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರೊಂದು ಸಿಕ್ಕಿತೆನ್ನಿ. ಅದರ ಹಳೇ ಕಾಗದಪತ್ರ ಎಲ್ಲಿ ಹುಡುಕೋಣ? ಮೈಸೂರಲ್ಲಲ್ಲ ಮಕ್ಕಳೇ, ಕೊಯಮತ್ತೂರಲ್ಲಿ! 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ, ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. ಅಜ್ಜ ಅಜ್ಜಿಯನ್ನು ಕೇಳಿ ನೋಡಿ.

ನಂಬರ್ ಪ್ಲೇಟನ್ನಷ್ಟೇ ನಂಬಬೇಡಿ, ಅದನ್ನು ಬಿಚ್ಚಿ ಬೇರೆ ಹಾಕಬಹುದು. ಚಾಸಿ, ಇಂಜಿನ್ನುಗಳ ಮೇಲೆ ಒತ್ತಿದ ನಂಬರನ್ನು ಕಾರ್ಖಾನೆಯ ಲೆಡ್ಜರಿನೊಂದಿಗೆ ತಾಳೆ ನೋಡಬೇಕು. ಬ್ಯಾಂಕಿನಲ್ಲಿ ಲೆಡ್ಜರು ತಿರುವಿಯೇ ತಲೆ ನರೆತ ನನಗೆ ಇದು ಇಷ್ಟದ ಕೆಲಸ.

ರೇಸ್ ಕಾರಿನದು ಇನ್ನೂ ಫಜೀತಿ. ಒಂದೊಂದು ಭಾಗಕ್ಕೆ ಒಂದೊಂದು ಊರು. ಇಂಗ್ಲೆಂಡಿನಲ್ಲಿ ಕೌಂಟ್ ಝ್ಬೊರೊವ್ಸ್ಕಿ ಕಟ್ಟಿಸಿದ ಕಾರಿಗೆ ಅಮೆರಿಕದ 27 ಲೀಟರಿನ ವಿಮಾನದ ಇಂಜಿನ್, ಜರ್ಮನಿಯ ಬೆಂಜ್ ಗೇರ್‌ಬಾಕ್ಸ್. 1924ರಲ್ಲಿ ಆತ ಬೇರೊಂದು ಕಾರಿನ ರೇಸಿನಲ್ಲಿ ತೀರಿಕೊಂಡ. ಇದನ್ನು ಕೊಂಡ ಪ್ಯಾರಿ ಥಾಮಸ್ ‘ಬ್ಯಾಬ್ಸ್’ ಎಂದು ಹೆಸರಿಟ್ಟು, 1926ರಲ್ಲಿ ಗಂಟೆಗೆ 170 ಮೈಲಿ ದಾಟಿಸಿದ. ಮರುವರ್ಷ ವೇಲ್ಸಿನ ಪೆಂಡೈನ್ ಕಡಲತೀರದಲ್ಲಿ ಅದೇ ಕಾರಿನಲ್ಲಿ ಪ್ರಾಣ ಬಿಟ್ಟ. ಕಾರನ್ನು ಅಲ್ಲೇ ಮರಳಿನಲ್ಲಿ ಹೂತರು. 42 ವರ್ಷ ಉಪ್ಪುನೀರು ಕುಡಿದ ಆ ಕಬ್ಬಿಣವನ್ನು 1969ರಲ್ಲಿ ಅಗೆದು ತೆಗೆದು, ವರ್ಷಗಟ್ಟಲೆ ಕೂತು ರಿಪೇರಿ ಮಾಡಿದರು. ಇಂಜಿನ್ ಮತ್ತೆ ಗುಡುಗಿತು!