ಹೆಸರು ಅಪರೂಪವಾದರೆ ಸಾಕೆ?

ಏಳನೆಯ ದಿನದ ಅಖೀಕಾ ಸಮೀಪಿಸುತ್ತಿದ್ದಂತೆ, ಊರಲ್ಲಿ ಯಾರಿಗೂ ಇಲ್ಲದ ಹೆಸರಿಗಾಗಿ ಮನೆಮಂದಿಯೆಲ್ಲ ಮೊಬೈಲ್‌ನಲ್ಲಿ ಹುಡುಕತೊಡಗುತ್ತಾರೆ. ಅಪರೂಪದ ಹೆಸರಿಡುವುದು ತಪ್ಪಲ್ಲ. ಯಹ್ಯಾ(ಅ)ರ ಹೆಸರು ಅವರಿಗಿಂತ ಮೊದಲು ಯಾರಿಗೂ ಇರಲಿಲ್ಲವೆಂದು ಸೂರಃ ಮರ್ಯಮ್ ತಿಳಿಸುತ್ತದೆ. ಆದರೆ ಅದನ್ನು ಆರಿಸಿದವನು ಅಲ್ಲಾಹನು. ನಾವಾದರೋ ಅರ್ಥ ವಿಚಾರಿಸದೆ ನಾದಕ್ಕೆ ಮರುಳಾಗುತ್ತೇವೆ.

‘ಅವಿಧೇಯಳು’ ಎಂಬರ್ಥದ ಆಸಿಯಾ ಎಂಬ ಹೆಸರನ್ನು ಪ್ರವಾದಿ(ಸ)ರವರು ಜಮೀಲಾ ಎಂದು ಬದಲಿಸಿದ್ದರು. ಫಿರ್‌ಔನನ ಪತ್ನಿ, ಸತ್ಯವಿಶ್ವಾಸಿನಿ ಆಸಿಯಾರ ಹೆಸರು ಅರಬಿಯಲ್ಲಿ ಬೇರೆಯೇ ಪದ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ! ಆದ್ದರಿಂದ ಜನನ ಪ್ರಮಾಣಪತ್ರಕ್ಕೆ ಬರೆಸುವ ಮುನ್ನ ಹೆಸರಿನ ಅರಬಿ ಅಕ್ಷರಗಳನ್ನು ಉಸ್ತಾದರಲ್ಲಿ ಕೇಳಿ ತಿಳಿಯಬೇಕು.

ಇನ್ನು, ಎಲ್ಲರೂ ಇಡುವ ಹೆಸರೆಂಬ ತಾತ್ಸಾರವೇಕೆ? ಅಲ್ಲಾಹನಿಗೆ ಅತಿ ಪ್ರಿಯವಾದ ಹೆಸರುಗಳು ಅಬ್ದುಲ್ಲಾ, ಅಬ್ದುರ್ರಹ್ಮಾನ್ ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿ(ಸ)ರವರು ತಮ್ಮ ಮಗನಿಗಿಟ್ಟದ್ದೂ ಪೂರ್ವಪಿತಾಮಹ ಇಬ್ರಾಹೀಮ್(ಅ)ರ ಹೆಸರನ್ನೇ.